ಗದಗ ಜಿಲ್ಲೆಯ ಮಾಗಡಿ ಕೆರೆ ಕಡೆ ಮರ ಹತ್ತೋಕೆ ಹೊರಟವರು ಮೊದಲು ಚೀಲ ನೋಡಿ ತಗೊಳ್ಳಿ

"60 ಲೀಟರ್ ಐತ್ರಿ, ಟ್ರೆಕ್ಕಿಂಗ್ ಬ್ಯಾಗು, ಐದು ವರ್ಷ ಏನೂ ಆಗೂದಿಲ್ಲ" ಅಂತ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೊಟ್ಟ ಚೀಲದ ಎಡಗಡೆ ಪಟ್ಟಿ ಲಕ್ಷ್ಮೇಶ್ವರ ಬಸ್ ನಿಲ್ದಾಣದಲ್ಲೇ ಕಿತ್ತು ಕೈಗೆ ಬಂತು. 2,800 ರೂಪಾಯಿ ಕೊಟ್ಟಿದ್ದೆ. ಫೋನ್ ಮಾಡಿದರೆ "ಭಾರ ಹಾಕೀರಿ ಅನಸ್ತೈತಿ" ಅಂದರು. ಭಾರ ಹಾಕದೆ ಚೀಲದಲ್ಲಿ ಗಾಳಿ ತುಂಬಿಕೊಂಡು ಹೋಗಬೇಕಿತ್ತೇನೋ! ಆ ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ. ಮಾಗಡಿ ಸುತ್ತಿನ ಹೊಲಗಳಲ್ಲಿ ಮರ ಏರಿ ಕೂತು, ಚಳಿಗಾಲಕ್ಕೆ ವಲಸೆ ಬರುವ ಪಟ್ಟೆತಲೆ ಬಾತು, ಕೃಷ್ಣಮೃಗಗಳ ಫೋಟೊ ತೆಗೆಯುವ ಹುಚ್ಚು ಇನ್ನೂ ಕೆಲವರಿಗೆ ಇದೆ ಅಂತ ಗೊತ್ತು. ಅವರಿಗಾದರೂ ದುಡ್ಡು ಉಳಿಯಲಿ.

ಹೊರಬೇಕಾದ ಸಾಮಾನು ಇಷ್ಟು: ಸೊಂಟಕ್ಕೂ ತೊಡೆಗೂ ಕಟ್ಟಿಕೊಂಡು ಮರಕ್ಕೆ ಜೋತು ಕೂರುವ ಸ್ಯಾಡಲ್, ಕಾಂಡಕ್ಕೆ ಒಂದರ ಮೇಲೊಂದು ಬಿಗಿಯುವ ನಾಲ್ಕು ಮೆಟ್ಟಿಲುಕೋಲು, ಕಾಲೂರಲು ಅಂಗೈಯಗಲದ ಎರಡರಷ್ಟಿರುವ ಅಲ್ಯೂಮಿನಿಯಂ ಹಲಗೆ, 11 ಮಿ.ಮೀ. ಹಗ್ಗ, ಹಗ್ಗ ಸಿಕ್ಕಿಸುವ ಲೋಹದ ಕೊಂಡಿ (ಕ್ಯಾರಬೀನರ್), ಹೆಲ್ಮೆಟ್. ಇದರ ಮೇಲೆ ಕ್ಯಾಮೆರಾ, ದೊಡ್ಡ ಲೆನ್ಸ್, ನೀರು. ಒಟ್ಟು 15 ಕೆ.ಜಿ. ದಾಟುತ್ತದೆ. ಈ ಸಾಮಾನೆಲ್ಲ ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಯಾಡುವವರಿಗಾಗಿ ಬೆಳೆದು ಬಂದದ್ದು. ಅವರು ನಸುಕಿನಲ್ಲೇ ಮರ ಏರಿ, ಸದ್ದಿಲ್ಲದೆ ಗಂಟೆಗಟ್ಟಲೆ ಕೂರುತ್ತಾರೆ. ಹಾಗಾಗಿ ಅವರ ಚೀಲಗಳಿಗೆ ಒಳಗೆ ಗಟ್ಟಿ ಚೌಕಟ್ಟು, ಕೋಲು ಕಟ್ಟಲು ಎರಡೂ ಪಕ್ಕ ಬಿಗಿಪಟ್ಟಿ, ಸರಪರ ಅನ್ನದ ಮೆತ್ತನೆ ಬಟ್ಟೆ. ನಮ್ಮ ಕೆಲಸಕ್ಕೂ ಬೇಕಾದದ್ದು ಅದೇ.

ಒಂದನ್ನು ಮಾತ್ರ ಅವರಿಂದ ತರಬೇಡಿ: ಎಲೆ-ಕಡ್ಡಿ ಚಿತ್ರದ ಕಾಡುಬಣ್ಣ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕೃಷ್ಣಮೃಗ ಅದರಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲನೇ ಅನುಸೂಚಿಯಲ್ಲೇ ಇದೆ. ಕತ್ತಲಲ್ಲಿ ಹಗ್ಗ, ಕೋಲು, ಕಾಡುಬಣ್ಣದ ಚೀಲ ಹೊತ್ತು ಕಡಲೆ ಹೊಲದ ಬದುವಿನಲ್ಲಿ ನಡೆಯುವವನನ್ನು ಊರಿನವರು ಏನೆಂದುಕೊಳ್ಳಬೇಕು? ನನ್ನ ಜೊತೆ ಬಂದಿದ್ದ ಗೆಳೆಯನ ಚೀಲ ಅಂಥದ್ದೇ. ಟಾರ್ಚ್ ಹಿಡಿದು ಬಂದ ಇಬ್ಬರು ಅವನನ್ನು ನಿಲ್ಲಿಸಿ, ಚೀಲ ಪೂರ್ತಿ ಬಿಚ್ಚಿಸಿ, ಲೆನ್ಸ್ ನೋಡಿದ ಮೇಲೇ ಬಿಟ್ಟರು. ಅವರದು ತಪ್ಪೇನೂ ಇಲ್ಲ. ಬೂದಿ, ಮಣ್ಣುಬಣ್ಣ, ಕಡುಹಸಿರು ಯಾವುದಾದರೂ ಸಾಕು. ಹಿಂದಿನ ದಿನವೇ ಹೊಲದ ಮಾಲೀಕರಿಗೆ, ಕೆರೆ ಕಾಯುವ ಅರಣ್ಯ ಇಲಾಖೆಯವರಿಗೆ ಮುಖ ತೋರಿಸಿ ಬನ್ನಿ. ಕೆರೆಯ ಅಂಗಳದಲ್ಲಿ, ದಂಡೆಯ ಮರಗಳಲ್ಲಿ ಹತ್ತುವ ಯೋಚನೆಯೇ ಬೇಡ. ಅದು ಸಂರಕ್ಷಿತ ಜಾಗ, 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿದೆ. ನಾನು ಹೇಳುತ್ತಿರುವುದು ಖಾಸಗಿ ಹೊಲದ ಮರ, ಅದೂ ಒಪ್ಪಿಗೆ ಪಡೆದು.

ಅಂಗಡಿಯಲ್ಲಿ ಲೀಟರ್ ಲೆಕ್ಕ ಕೇಳಲೇಬೇಡಿ. ಕೋಲುಗಳು ಹೇಗಿದ್ದರೂ ಹೊರಗೆ ಕಟ್ಟುವಂಥವು, ಒಳಗೆ 40 ಲೀಟರ್ ಜಾಗ ಧಾರಾಳ. ನೋಡಬೇಕಾದದ್ದು ಸೊಂಟಪಟ್ಟಿ. ನನಗೆ ಸಿಕ್ಕಿದ್ದರಲ್ಲಿ ಅದು ಎರಡು ಬೆರಳಗಲದ ನಾಡಾ, ಹೆಸರಿಗೊಂದು ಬಕಲ್. ಭಾರದ ಹೆಚ್ಚು ಪಾಲು ಸೊಂಟದ ಮೇಲೆ ಕೂರಬೇಕು; ದಪ್ಪ ದಿಂಬು ಇಲ್ಲದಿದ್ದರೆ ಪೂರ್ತಿ ಹೆಗಲಿಗೇ ಬೀಳುತ್ತದೆ. ಹೆಗಲಪಟ್ಟಿ ಚೀಲಕ್ಕೆ ಸೇರುವ ಕಡೆ ಬಟ್ಟೆ ಮಡಿಸಿ, ಚೌಕ ಹೊಲಿದು, ಅದರೊಳಗೆ ಕತ್ತರಿಗುರುತು ಹಾಕಿ ಹೊಲಿದಿರಬೇಕು. ನನ್ನದರಲ್ಲಿ ಒಂದೇ ಸಾಲು ಹೊಲಿಗೆ, ಅದೂ ಒಳಗಡೆ ಅಂಚಿನಿಂದ ನೂಲಿನಷ್ಟು ದೂರದಲ್ಲಿ. ಕಿತ್ತಾಗ ಹೊಲಿಗೆ ಹರಿಯಲಿಲ್ಲ, ಬಟ್ಟೆಯೇ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಅಂಗಡಿಯವರು ಒಳಗೆ ಕಾಗದ ತುರುಕಿ ಉಬ್ಬಿಸಿ ತೂಗುಹಾಕಿರುತ್ತಾರೆ. ಅದನ್ನೆಲ್ಲ ತೆಗೆಸಿ, ನಿಮ್ಮ ಹಗ್ಗ, ಕೋಲು ಒಯ್ದು ಅಲ್ಲೇ ತುಂಬಿ ನೋಡಿ. ಬೈದರೆ ಬೈಯಲಿ. ಹುಬ್ಬಳ್ಳಿಯವರಾದರೆ ಇನ್ನೊಂದು ಪರೀಕ್ಷೆ ಪುಕ್ಕಟೆ ಇದೆ: ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ತುಂಬಿದ ಚೀಲ ಹೊತ್ತು ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದರೆ ಹೆಗಲೇ ತೀರ್ಪು ಕೊಡುತ್ತದೆ.

ಮಾಗಡಿ ಗದಗಿನಿಂದ ಸುಮಾರು 26 ಕಿ.ಮೀ., ಶಿರಹಟ್ಟಿಯಿಂದ 8, ಲಕ್ಷ್ಮೇಶ್ವರದಿಂದ 11. ಹುಬ್ಬಳ್ಳಿಯಿಂದ ಕುಂದಗೋಳ, ಗುಡಗೇರಿ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸನ್ನು ಸೋಮವಾರ ಬೆಳಿಗ್ಗೆ ಮಾತ್ರ ಹತ್ತಬೇಡಿ. ಕಾಲೇಜು ಹುಡುಗರು, ಸಂತೆ ಗಂಟು, ಎರಡು ಕೊಡ, ಒಂದು ಹುಂಜ. "ಸಾಹೇಬ್ರ, ಈ ಕಬ್ಬಿಣಾ ಒಳಗ ತರಬ್ಯಾಡ್ರಿ, ಯಾರದರ ಕಣ್ಣಿಗೆ ಚುಚ್ಚೀತು" ಅಂತ ಕಂಡಕ್ಟರ್ ಚೀಲವನ್ನು ಹಿಂದಿನ ಡಿಕ್ಕಿಗೆ ಹಾಕಿಸಿ, ಲಗೇಜ್ ಟಿಕೆಟ್ಟನ್ನೂ ಹರಿದರು. ಡಿಕ್ಕಿಯಲ್ಲಿ ಡೀಸೆಲ್ ವಾಸನೆಯ ಚಿಂದಿಯ ಪಕ್ಕ ನನ್ನ ಹಗ್ಗ! ಎಣ್ಣೆ, ಬ್ಯಾಟರಿ ಆಸಿಡ್ ತಾಗಿದ ಹಗ್ಗವನ್ನು ನಂಬಿ ಮರದಲ್ಲಿ ಜೋತಾಡುವ ಹಾಗಿಲ್ಲ. ಇದನ್ನು ನೋಡಿದ ಮೇಲೆ ನನ್ನ ನಿಯಮ: ಹಗ್ಗ ಮತ್ತು ಸ್ಯಾಡಲ್ ಬೇರೆ ಸಣ್ಣ ಚೀಲದಲ್ಲಿ, ಆ ಚೀಲ ದೊಡ್ಡದರಿಂದ ಪಟ್ಟನೆ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಳ್ಳುವಂತಿರಬೇಕು. ಜನಜಂಗುಳಿ ನನಗೆ ಆಗುವುದಿಲ್ಲ, ಹಾಗಾಗಿ ನನ್ನ ಸಲಹೆ ರೈಲು. ಗದಗಿನವರೆಗೆ ಪ್ಯಾಸೆಂಜರ್, ಅಲ್ಲಿಂದ ಶಿರಹಟ್ಟಿ ಬಸ್ಸು.

ಕಿತ್ತ ಪಟ್ಟಿ ರಿಪೇರಿ ಆದದ್ದು ಲಕ್ಷ್ಮೇಶ್ವರ ಬಸ್ ನಿಲ್ದಾಣದ ಹೊರಗೆ ಚಪ್ಪಲಿ ಹೊಲಿಯುತ್ತ ಕೂತಿದ್ದ ಅಜ್ಜನ ಕೈಯಲ್ಲಿ. ಹಳೇ ಟಯರಿನ ತುಂಡು ಒಳಗಿಟ್ಟು, ಮೇಣ ತಿಕ್ಕಿದ ದಾರದಿಂದ ಎರಡೂ ಕಡೆ ಹೊಲಿದರು. "ಇದನ್ನ ಮಾಡಿದಾಂವ ಒಮ್ಮೆಯೂ ಹೊತ್ತಿಲ್ಲ ಬಿಡಪಾ" ಅಂದರು. 60 ರೂಪಾಯಿ. ಆ ಪಟ್ಟಿ ಈಗ ಚೀಲದ ಉಳಿದ ಭಾಗಕ್ಕಿಂತ ಗಟ್ಟಿ. ಅಲ್ಲೇ ಪಕ್ಕದ ಸೈಕಲ್ ಅಂಗಡಿಯಲ್ಲಿ ತೂತುಬಿದ್ದ ಟ್ಯೂಬು ಕೇಳಿ ಪಡೆದು, ಉದ್ದಕ್ಕೆ ಸೀಳಿ ಕೋಲುಗಳಿಗೆ ಸುತ್ತಿದೆ. ಕೋಲಿಗೆ ಕೋಲು ತಾಗಿ ಠಣ್ ಅನ್ನುವುದು ನಿಂತಿತು. ಇದಕ್ಕೆಂದೇ ಬರುವ ಟೇಪಿಗೆ ಆನ್‌ಲೈನಿನಲ್ಲಿ ಕೇಳುವ ಬೆಲೆ ನೋಡಿದರೆ ನಗು ಬರುತ್ತದೆ.

ಇನ್ನು ಊಟ. ಲಕ್ಷ್ಮೇಶ್ವರದಲ್ಲಿ ಹೊಟ್ಟೆ ತುಂಬಿಸಿಕೊಳ್ಳದೆ ಮುಂದೆ ಹೋಗಬೇಡಿ. ಫಲಕವೂ ಸರಿಯಾಗಿ ಕಾಣದ ಒಂದು ಖಾನಾವಳಿ, ಒಳಗೆ ನಾಲ್ಕು ಮೇಜು, ಹಿಂದೆ ಒಲೆ ಮುಂದೆ ಇಬ್ಬರು ಅಕ್ಕಂದಿರು ರೊಟ್ಟಿ ಬಡಿಯುವ ಸದ್ದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಚಟ್ನಿಪುಡಿ), ಮೇಲೊಂದು ಹಿಡಿ ಹಸಿ ಹಕ್ಕರಕಿ ಸೊಪ್ಪು, ಸೀಳಿದ ಉಳ್ಳಾಗಡ್ಡಿ, ಗಟ್ಟಿ ಮೊಸರು. ಬದನೆಕಾಯಿ ಚಿಕ್ಕವು, ತೊಟ್ಟು ಸಮೇತ, ಒಳಗಿನ ಮಸಾಲೆಯಲ್ಲಿ ಹುರಿದ ಎಳ್ಳು, ಶೇಂಗಾ ಪುಡಿ ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತದೆ. ಎರಡನೇ ರೊಟ್ಟಿ ಮುಗಿಯುವಷ್ಟರಲ್ಲಿ ಕೇಳದೆಯೇ ಮೂರನೆಯದು ಬಿತ್ತು. "ಸಾಕ್ರೀ ಅಕ್ಕಾರ" ಅಂದರೆ "ಗಿಡಾ ಏರಾಂವ ಇಷ್ಟ ಉಂಡ್ರ ಹೆಂಗ?" ಅಂತ ಪಲ್ಯವನ್ನೂ ಹಾಕಿದರು. ಕೋಲುಗಳನ್ನು ಕಂಡು ಮೊದಲೇ ವಿಚಾರಿಸಿಕೊಂಡಿದ್ದರು. ಬಿಲ್ಲು 80 ರೂಪಾಯಿ. ಬೆಳಿಗ್ಗೆಗೆ ಅಂತ ಒಣಗಿಸಿದ ಗರಿಗರಿ ಕಟಿ ರೊಟ್ಟಿ ನಾಲ್ಕು, ಒಂದು ಪೊಟ್ಟಣ ಹಿಂಡಿ ಕಟ್ಟಿಸಿಕೊಂಡೆ. ಮರದ ಮೇಲೆ ಕೂತು ತಿನ್ನಲು ಕಟಿ ರೊಟ್ಟಿಯ ಒಂದೇ ದೋಷ, ಮುರಿದಾಗ ಆಗುವ ಸದ್ದು.

ಬಾತುಗಳು ಬರುವುದು ನವೆಂಬರಿನಿಂದ, ಮಾರ್ಚ್ ಹೊತ್ತಿಗೆ ಮಂಗೋಲಿಯಾ, ಮಧ್ಯ ಏಷ್ಯಾ ಕಡೆ ವಾಪಸು. ಹಗಲು ಹೆಚ್ಚಾಗಿ ನೀರಿನಲ್ಲಿದ್ದು, ಮೇಯಲು ಸುತ್ತಿನ ಹೊಲಗಳಿಗೆ ಇಳಿಯುತ್ತವೆ. ಹೊಲಗಳಲ್ಲಿ ಏರಲು ಬೇವು ಒಳ್ಳೆಯದು. ಹುಣಸೆಯಾದರೆ ಕಾಂಡ ತಟ್ಟಿ ನೋಡಿ, ಹಳೆಯವು ಒಳಗೆ ಪೊಳ್ಳು. ಜಾಲಿ ಬೇಡವೇ ಬೇಡ, ಮುಳ್ಳು ತೆಳು ನೈಲಾನನ್ನು ಬ್ಲೇಡಿನ ಹಾಗೆ ಸೀಳುತ್ತದೆ, ಜೋತಾಡುವ ಉದ್ದ ಪಟ್ಟಿಗಳಿದ್ದರಂತೂ ಬಿಡಿಸಿಕೊಳ್ಳುವುದರಲ್ಲೇ ಬೆಳಕು ಹರಿಯುತ್ತದೆ. ಹತ್ತುವ ಮೊದಲು ಟಾರ್ಚ್ ಹಾಕಿ ಹೆಜ್ಜೇನು ಹುಡುಕಿ. ಗೂಡಿರುವ ಮರ ಬಿಟ್ಟುಬಿಡಿ. ನೆಲದಿಂದಲೇ ಹಗ್ಗ ಕಾಂಡಕ್ಕೆ ಸುತ್ತಿ ಕಟ್ಟಿಕೊಂಡೇ ಏರಬೇಕು, ಸಡಿಲ ಇರಕೂಡದು, ಕೆಳಗೆ ಒಬ್ಬರು ಇರಲೇಬೇಕು. ಚೀಲ ಬೆನ್ನ ಮೇಲೆ ಹೊತ್ತು ಹತ್ತುವುದಲ್ಲ. ಮೇಲೆ ಕೂತು ಭದ್ರವಾದ ಮೇಲೆ ದಾರದಿಂದ ಎಳೆದುಕೊಳ್ಳುವುದು. ಅದಕ್ಕೇ ಚೀಲದ ನೆತ್ತಿಯ ಹಿಡಿಕೆ ಗಟ್ಟಿ ಬೇಕು. ಬಾಯಿ ಮೇಲಿಂದ ಬಿಚ್ಚುವ ಚೀಲಗಳು ಮರದಲ್ಲಿ ಶನಿ: ತಳದಲ್ಲಿರುವ ಲೆನ್ಸ್ ತೆಗೆಯಲು ಮೇಲಿನದ್ದೆಲ್ಲ ಹೊರತೆಗೆಯಬೇಕು, ಇಡುವುದೆಲ್ಲಿ? ಮುಂಭಾಗ ಪೂರ್ತಿ ಜಿಪ್ಪಿನಲ್ಲಿ ತೆರೆಯುವಂಥದ್ದು ತಗೊಳ್ಳಿ.

ಹೊಲದ ಯಜಮಾನರು ಬೇವಿನ ಬುಡದಲ್ಲಿ ನಿಂತು ನನ್ನ ಹಗ್ಗದ ಗಂಟುಗಳನ್ನು ಒಂದೊಂದೇ ಎಳೆದು ನೋಡಿದರು. ಅವರ ಜೋಳದ ಹೊಲದ ನಡುವೆ ನಾಲ್ಕು ಗೂಟದ ಅಟ್ಟಣಿಗೆ ಇತ್ತು, ಹಕ್ಕಿ ಕಾಯಲು. "ಇದರ ಮ್ಯಾಲ ಕುಂಡ್ರಬಹುದಿತ್ತಲ್ಲೊ ತಮ್ಮಾ, ರೊಕ್ಕಾ ಯಾಕ ಹಾಳ ಮಾಡ್ದಿ?" ಅಂದರು. ಎರಡನೇ ಬೆಳಿಗ್ಗೆ ಅಲ್ಲೇ ಕೂತೆ, ಕೃಷ್ಣಮೃಗ ಸಿಕ್ಕಿದ್ದು ಅಲ್ಲಿಂದಲೇ. ಬೇವಿನ ಮೇಲಿಂದ ಬಾತುಗಳು ಚೆನ್ನಾಗಿ ಸಿಕ್ಕವು.

ಉಳಿಯಲು ಗದಗ ನಿಲ್ದಾಣದ ಹತ್ತಿರದ ಲಾಡ್ಜ್ ಒಂದರಲ್ಲಿ 1,400 ಕೇಳಿದರು, ಬಿಸಿನೀರು ಬೆಳಿಗ್ಗೆ ಏಳರ ಮೇಲೆ. ಹಕ್ಕಿ ನೋಡುವವರು ಏಳಕ್ಕೆ ಕೋಣೆಯಲ್ಲಿ ಇರುತ್ತಾರೆಯೇ? ಲಕ್ಷ್ಮೇಶ್ವರದಲ್ಲಿ ಇದರ ಅರ್ಧಕ್ಕೆ ಕೋಣೆ ಸಿಗುತ್ತದೆ, ಸೊಳ್ಳೆ ಪರದೆ ನಿಮ್ಮದೇ ಒಯ್ಯಿರಿ. ಎಳ್ಳಮಾವಾಸ್ಯೆಯ ದಿನ ಮಾತ್ರ ಹೋಗಬೇಡಿ. ಊರಿಗೆ ಊರೇ ಚರಗ ಚೆಲ್ಲಲು (ಭೂಮಿತಾಯಿಗೆ ಎಡೆ ಹಾಕಲು) ಹೊಲದಲ್ಲಿರುತ್ತದೆ, ಒಂದು ಹಕ್ಕಿಯೂ ಇಳಿಯುವುದಿಲ್ಲ. ಹೋಗಲೇಬೇಕೆಂದರೆ ಆ ಭಾರದ ಚೀಲ ಮನೆಯಲ್ಲಿಡಿ. ಸಜ್ಜಿ ರೊಟ್ಟಿ, ಭರ್ತ, ಶೇಂಗಾ ಹೋಳಿಗೆ ತಿನ್ನಿಸದೆ ಯಾರೂ ನಿಮ್ಮನ್ನು ಬದು ದಾಟಲು ಬಿಡುವುದಿಲ್ಲ.