ಗೋಡಂಬಿ ಆಗಲ್ಲ, ಅದೂ ಫ್ರೆಂಚ್‌ನಲ್ಲಿ

ಫ್ರಾನ್ಸಿನ ಲಿಯೋನ್ ಊರಿನ ಕ್ರ್ವಾ ರೂಸ್ ಗುಡ್ಡ ಹತ್ತುವಷ್ಟರಲ್ಲಿ ನನ್ನ ಮಂಡಿ ಮಾತಾಡತೊಡಗಿತ್ತು. ಒಂದು ಕಾಲಕ್ಕೆ ರೇಷ್ಮೆ ನೇಕಾರರ ಕೇರಿ ಅದು. ಎತ್ತರದ ಮಗ್ಗ ಹಿಡಿಸಲೆಂದು ಸುಮಾರು 4 ಮೀಟರ್ ಚಾವಣಿ ಬಿಟ್ಟು ಕಟ್ಟಿದ ಮನೆಗಳು. ತಂಗಿಯ ಗೆಳತಿ ಅಂಥದ್ದೊಂದರ ಐದನೇ ಮಹಡಿಯಲ್ಲಿದ್ದಾಳೆ. ಲಿಫ್ಟಿನ ಮಾತೇ ಇಲ್ಲ.

ಊಟಕ್ಕೆ ಮೊದಲು ಅವರಲ್ಲಿ 'ಅಪೆರೊ' ಅಂತ ಒಂದು ಶಾಸ್ತ್ರ: ಕೈಯಲ್ಲೊಂದು ಲೋಟ, ಬಾಯಿಗೆ ಕುರುಕಲು, ಮುಗಿಯದ ಹರಟೆ. ಕುರುಕಲಿನ ಬಟ್ಟಲು ನನ್ನ ಮುಂದೆ ಬಂತು. ಅದರ ತುಂಬ ಉಪ್ಪು ಹಚ್ಚಿದ ಗೋಡಂಬಿ! ಒಂದು ಚೂರು ನಾಲಿಗೆಗೆ ತಗಲಿದರೂ ನನ್ನ ತುಟಿ ಇಡ್ಲಿಯಾಗುತ್ತದೆ.

ಬೆಂಗಳೂರಿನ ಸಂಜೆ ತರಗತಿಯಲ್ಲಿ ಕಲಿತ ಫ್ರೆಂಚಿನಲ್ಲಿ, "ನಾನು ನ್ವಾ ತಿನ್ನುವುದಿಲ್ಲ" ಅಂದೆ. ಆಕೆ ತಲೆಯಾಡಿಸಿ ಅಡುಗೆಮನೆಗೆ ಹೋಗಿ, ಸಲಾಡ್‌ನಿಂದ ಅಕ್ರೋಟುಗಳನ್ನು ಒಂದೊಂದೇ ಹೆಕ್ಕತೊಡಗಿದಳು. ಗೋಡಂಬಿ ಬಟ್ಟಲು ನನ್ನ ಮುಂದೆಯೇ! 'ನ್ವಾ' ಅಂದರೆ ಎಲ್ಲ ಬೀಜವೂ ಸೇರಿತು ಅಂದುಕೊಂಡಿದ್ದೆ. ಬರೀ ನ್ವಾ ಅಂದರೆ ಅವರಿಗೆ ಮೊದಲು ನೆನಪಾಗುವುದು ಅಕ್ರೋಟು. ಅದಕ್ಕೇ ಹೆಸರಾದ ಗ್ರೆನೋಬಲ್ ಅಲ್ಲೇ ಹತ್ತಿರ. ಮೇಲಾಗಿ 'ತಿನ್ನುವುದಿಲ್ಲ' ಅಂದರೆ ಇಷ್ಟವಿಲ್ಲ ಅಂತಲೂ ಆಗಬಹುದು. ನಮ್ಮ 'ಆಗಲ್ಲ'ದ ಹಾಗೇ. ಹಾಗಲಕಾಯಿಯೂ ಆಗಲ್ಲ, ಏಕಾದಶಿ ದಿನ ಅನ್ನವೂ ಆಗಲ್ಲ.

ನಾನು ಬಟ್ಟಲನ್ನು ಬೆರಳತುದಿಯಿಂದ ದೂರ ತಳ್ಳಿದ್ದು ಅವಳಿಗೆ ಕಂಡಿತು. "ತೆ ಅಲೆರ್ಜೀಕ್ ಆ ಕ್ವಾ?" ಅಂದಳು.

ನಾನು ಬಾಯಿಪಾಠ ಮಾಡಿದ್ದು 'ಎತ್ ವೂ ಅಲೆರ್ಜೀಕ್...' ಎಂಬ 'ತಾವು ದಯಮಾಡಿ' ಧಾಟಿಯ ಪ್ರಶ್ನೆ. ಇದು 'ನಿಂಗೇನು ಅಲರ್ಜಿ?' ಅನ್ನೋ ಥರದ್ದು. 'ತ್ಯು ಎ' ಒಟ್ಟಿಗೆ ಸೇರಿ 'ತೆ' ಆಗಿದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು ಏಕವಚನದಲ್ಲಿ ಕೇಳಿದ್ದು, ಯಾಕೋ, ಹಿತವಾಗಿತ್ತು.

"ಓ ನ್ವಾ ದ ಕಾಜು" ಅಂದೆ. ಕಾಜು! ಪೋರ್ಚುಗೀಸರು ಬ್ರೆಜಿಲ್‌ನಿಂದ ಎತ್ತಿ ತಂದ ಅದೇ ಪದ, ನಮ್ಮ ಬೇಕರಿಯ ಕಾಜು ಬರ್ಫಿಯಲ್ಲೂ ಕೂತಿದೆ.

ಬಟ್ಟಲು ಮಾಯವಾಯಿತು. ಪಿಸ್ತಾ? ಅದೂ ಬೇಡ, ಎರಡೂ ಒಂದೇ ಸಸ್ಯ ಕುಟುಂಬದವು. ಆಮೇಲೆ ಗಂಭೀರವಾಗಿ, "ತಾ ತೋಂ ಸ್ತಿಲೊ?" ಸ್ತಿಲೊ ಅಂದರೆ ಪೆನ್ನು. ಏನೋ ಬರೆದುಕೊಳ್ಳಲಿಕ್ಕಿರಬೇಕು ಅಂತ ಚೀಲದಿಂದ ಬಾಲ್‌ಪೆನ್ ತೆಗೆದುಕೊಟ್ಟೆ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆ ಕೇಳಿದ್ದು ಅಲರ್ಜಿ ವಿಪರೀತವಾದಾಗ ತೊಡೆಗೆ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನು.

ಮರುದಿನ ಹಳೇ ಲಿಯೋನ್‌ನ ಬೇಕರಿಯಲ್ಲಿ ಗುಲಾಬಿ ಬಣ್ಣದ ಪ್ರಲೀನ್ (ಸಕ್ಕರೆ ಪಾಕ ಹೊದ್ದ ಬೀಜ) ಟಾರ್ಟ್ ಮುಂದೆ ನಿಂತೆ. ಅಂಗಡಿಯಲ್ಲಿ ಮಾತ್ರ 'ವೂ', ಬಹುವಚನ. ಕೇಳಿದ ಕೂಡಲೇ ಮಾರುವಾಕೆ ಒಂದು ಫೈಲು ತೆಗೆದಳು. ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಿರುವ 14 ಅಲರ್ಜಿಕಾರಕಗಳಲ್ಲಿ ಯಾವುದಿದ್ದರೂ ಬಿಡಿಯಾಗಿ ಮಾರುವ ತಿನಿಸಿಗೂ ಲಿಖಿತ ಮಾಹಿತಿ ಇಡಬೇಕೆಂಬ ಕಾನೂನು ಫ್ರಾನ್ಸಿನಲ್ಲಿ 2015ರಿಂದ ಇದೆ. ಆದರೆ ಫೈಲಿನಲ್ಲಿ ಬಾದಾಮಿ, ಗೋಡಂಬಿ, ಪಿಸ್ತಾ ಎಲ್ಲಕ್ಕೂ ಒಂದೇ ಅಂಕಣ, 'ಫ್ರ್ವಿ ಆ ಕಾಕ್'. ಅದರಲ್ಲೊಂದು ಗುರುತು. ಯಾವ ಬೀಜ?

"ಅಮಾಂದ್, ಮದಾಮ್." ಬಾದಾಮಿ ಮಾತ್ರ. ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಆಕೆ ಪಕ್ಕದ ಪಿಸ್ತಾ ಟಾರ್ಟನ್ನೂ, ಎರಡಕ್ಕೂ ಬಳಸುವ ಒಂದೇ ಚಾಕುವನ್ನೂ ತಾನಾಗಿಯೇ ತೋರಿಸಿ ತುಟಿ ಸೊಟ್ಟ ಮಾಡಿದಳು.

ನಾನು ಬರೀ ಬ್ರೆಡ್ ಕೊಂಡೆ. ತಂಗಿ ಸೋನ್ ನದಿಯ ಸೇತುವೆ ದಾಟುವವರೆಗೂ ಟಾರ್ಟ್ ಚಪ್ಪರಿಸುತ್ತಾ ಬಂದಳು, ಹಲ್ಲೆಲ್ಲ ಗುಲಾಬಿ.