ಅಪರ್ಣಾ ಅವರನ್ನು ಕೇಳುತ್ತಾ ಕಲಿತದ್ದು

ವೇದಿಕೆ ಮೇಲೆ ನಿಂತು ಮಾತಾಡುವುದನ್ನು ನಾನು ಇಬ್ಬರಿಂದ ಕಲಿತೆ. ಒಬ್ಬರು ನಮ್ಮ ಕಾಲೇಜಿನ ಕನ್ನಡ ಮೇಡಂ. ಇನ್ನೊಬ್ಬರು ಟಿವಿಯಲ್ಲಿ ಬರುತ್ತಿದ್ದ ನಿರೂಪಕಿ ಅಪರ್ಣಾ.

ನಾನು ಓದಲು ದಾವಣಗೆರೆಗೆ ಬಂದದ್ದು 1997ರಲ್ಲಿ. ದಾವಣಗೆರೆ ಜಿಲ್ಲೆಯಾದದ್ದೂ ಅದೇ ವರ್ಷ. ಮಲೇಬೆನ್ನೂರು ಕಡೆಯ ಹಳ್ಳಿಯಿಂದ ಬಂದ ನನಗೆ ಮೈಕು ಎಂದರೆ ಜಾತ್ರೆಯ ಗದ್ದಲ, ಅಷ್ಟೇ. ಮನೆಯಲ್ಲಿದ್ದದ್ದು ಭದ್ರಾವತಿ ಆಕಾಶವಾಣಿ ಕೇಳುವ ಒಂದು ರೇಡಿಯೋ. ಹಾಸ್ಟೆಲ್‌ನಲ್ಲಿ ಟಿವಿ ಇತ್ತು. ಊಟದ ಹಾಲ್‌ನಲ್ಲಿ, ಬೀಗ ಹಾಕಿದ ಮರದ ಪೆಟ್ಟಿಗೆಯೊಳಗೆ. ರಾತ್ರಿ ಮುದ್ದೆ ಊಟ ಮುಗಿದ ಮೇಲೆ ವಾರ್ಡನ್ ಬೀಗ ತೆಗೆಯುತ್ತಿದ್ದರು. ದೂರದರ್ಶನ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅಪರ್ಣಾ ಬಂದರೆ ತಟ್ಟೆ ತೊಳೆಯಲು ಹೋದವರೂ ಓಡಿ ಬರುತ್ತಿದ್ದರು. ಸೀರೆ ನೋಡಲು ಕೆಲವರು, ಮಾತು ಕೇಳಲು ಕೆಲವರು.

ಕಾಲೇಜಿನ ವಾರ್ಷಿಕೋತ್ಸವಕ್ಕೆ ನಿರೂಪಣೆ ಮಾಡಲು ಮೇಡಂ ನನ್ನನ್ನು ಆರಿಸಿದರು. ಅವರು ಚಿಕ್ಕಂದಿನಿಂದ ಕಂಪನಿ ನಾಟಕ ನೋಡಿ ಬೆಳೆದವರು. ನಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಅವರ ಹೆಸರು ತೆಗೆದರೆ ಸಾಕು, ಅರ್ಧ ಗಂಟೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ನಾಟಕದ ನಟಿಯ ದನಿ ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತವರಿಗೂ ಮುಟ್ಟಬೇಕಿತ್ತು, ಅದಕ್ಕೆ ಎದೆಯಿಂದ ಮಾತು ಎತ್ತಬೇಕಿತ್ತು ಎನ್ನುತ್ತಿದ್ದರು. ನನಗೆ ಮಾತ್ರ ಬೇರೆಯೇ ಹೇಳಿದರು. “ನಿನ್ನ ಮುಂದ ಮೈಕ್ ಐತಲ್ಲವ್ವಾ, ಮುಟ್ಟಿಸೋ ಕೆಲಸ ಅದು ಮಾಡ್ತದ. ನೀನ್ಯಾಕ ಕೂಗ್ತಿ? ಅಪರ್ಣಾ ಅವರನ್ನ ನೋಡು, ಮನಿಗೆ ಬಂದೋರ ಹತ್ರ ಮಾತಾಡಿದಂಗ ಮಾತಾಡ್ತಾರ.”

ಅಂದಿನಿಂದ ನಾನು ಅಪರ್ಣಾ ಅವರನ್ನು ಬೇರೆ ರೀತಿ ಕೇಳತೊಡಗಿದೆ. ವಾಕ್ಯದ ಕೊನೆಯ ಪದವನ್ನು ಅವರು ನುಂಗುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಅಲ್ಲೇ ಸೋಲುತ್ತೇವೆ. ಶುರು ಜೋರಾಗಿರುತ್ತದೆ, ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಅವರಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಗೊತ್ತಿತ್ತು. ಮಹಾಪ್ರಾಣ ಸರಿಯಾಗಿ ಬರುತ್ತಿತ್ತು, ಆದರೆ ಒತ್ತಿ ಒತ್ತಿ ತೋರಿಸುತ್ತಿರಲಿಲ್ಲ. ಕನ್ನಡ ಶುದ್ಧವಾಗಿತ್ತು, ಆದರೆ ಅರ್ಥವಾಗದ ಪದಗಳಿಂದ ತುಂಬಿರಲಿಲ್ಲ. 1998ರಲ್ಲಿ ಅವರು ದೀಪಾವಳಿ ಕಾರ್ಯಕ್ರಮಗಳನ್ನು ಸತತ ಎಂಟು ಗಂಟೆ ನಿರೂಪಿಸಿದರು. ಅದು ಎಂಥ ಕೆಲಸ ಎಂಬುದು ಒಂದು ಗಂಟೆ ಮೈಕ್ ಹಿಡಿದವರಿಗೆ ಗೊತ್ತು. ಗಂಟಲು ಒಣಗುತ್ತದೆ, ಕಾಲು ಸೋಲುತ್ತದೆ, ಆದರೂ ಮುಂದಿನ ಹೆಸರು ಹೇಳುವಾಗ ದನಿಯಲ್ಲಿ ದಣಿವು ಕಾಣಬಾರದು. ನಿರೂಪಣೆ ಎಂದರೆ ಚಂದ ಸೀರೆ ಉಟ್ಟು ನಿಂತರೆ ಆಯ್ತು ಎಂದುಕೊಳ್ಳುವವರು ಈಗಲೂ ಇದ್ದಾರೆ. ನನಗೆ ಅದು ತುಂಬಾ ನೋವಿನ ವಿಷಯ. ಅದು ಕಲಿತು ಮಾಡುವ ಕೆಲಸ.

ಅಪರ್ಣಾ ಮೊದಲು ಬಂದದ್ದು ಸಿನಿಮಾಕ್ಕೆ. ಇಪ್ಪತ್ತು ತುಂಬುವ ಮೊದಲೇ ಪುಟ್ಟಣ್ಣ ಕಣಗಾಲ್ ಅವರ ‘ಮಸಣದ ಹೂವು’ ಚಿತ್ರದಲ್ಲಿ ನಟಿಸಿದರು. ಅದು ಪುಟ್ಟಣ್ಣನವರ ಕೊನೆಯ ಚಿತ್ರ. 1985ರಲ್ಲಿ ಅವರು ತೀರಿಕೊಂಡ ಮೇಲೆ ಕೆ.ಎಸ್.ಎಲ್. ಸ್ವಾಮಿ ಅದನ್ನು ಮುಗಿಸಿದರು. ಕಥೆ ತ.ರಾ.ಸು. ಅವರದು. ತ.ರಾ.ಸು. 1920ರಲ್ಲಿ ಹುಟ್ಟಿದ್ದು ನಮ್ಮ ಮಲೇಬೆನ್ನೂರಿನಲ್ಲೇ! ಮೇಡಂ ಇದನ್ನು ತರಗತಿಯಲ್ಲಿ ಹೇಳಿದಾಗ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ನಮ್ಮ ಕಡೆಯವರ ಕಥೆಯಿಂದಲೇ ಇವರ ನಟನೆ ಶುರುವಾಯಿತಲ್ಲ ಎಂದು ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ನಾನು ಕಾಲೇಜು ಬಿಟ್ಟ ಮೇಲೆ ಅವರು ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ಕಾಣಿಸಿಕೊಂಡರು. 2013ರಲ್ಲಿ ಕನ್ನಡದ ಮೊದಲ ಬಿಗ್ ಬಾಸ್ ಮನೆಗೂ ಹೋದರು. ಅದನ್ನು ನಾನು ಜಾಸ್ತಿ ನೋಡಲಿಲ್ಲ. ಆದರೆ ‘ಮಜಾ ಟಾಕೀಸ್’ ಹಾಸ್ಯ ಕಾರ್ಯಕ್ರಮದಲ್ಲಿ ಅವರು ಮಾಡಿದ ವರಲಕ್ಷ್ಮಿಯನ್ನು ಬಿಡದೆ ನೋಡಿದೆ. “ಒನ್ ಅಂಡ್ ಓನ್ಲಿ ವರಲಕ್ಷ್ಮಿ” ಎಂದು ಅವರು ಬಂದರೆ ನಮ್ಮ ಮನೆಯ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಗಂಭೀರ ನಿರೂಪಕಿಗೆ ಇದೆಲ್ಲಾ ಯಾಕೆ ಬೇಕಿತ್ತು ಎಂದವರೂ ಉಂಟು. ನಾನು ಒಪ್ಪುವುದಿಲ್ಲ. ಅದೇ ಅವರ ದೊಡ್ಡ ಪಾತ್ರ ಎನ್ನುತ್ತೇನೆ. ಜಂಬ, ರಾಗ ಎಳೆಯುವ ಮಾತು, ಮಿರಿಮಿರಿ ಬಟ್ಟೆ ಎಲ್ಲಾ ಇತ್ತು. ಆದರೆ ಒಂದಕ್ಷರ ತಪ್ಪುತ್ತಿರಲಿಲ್ಲ. ನಗು ಬರುವ ಮಾತಿಗೆ ಮುಂಚೆ ಅವರು ಕೊಡುತ್ತಿದ್ದ ಬಿಡುವು ಇದೆಯಲ್ಲ, ಅದು ಅತಿಥಿಗಳ ಹೆಸರು ಹೇಳುವ ಮುಂಚೆ ಕೊಡುತ್ತಿದ್ದ ಬಿಡುವೇ. ಮಾತು ಅಷ್ಟು ಹಿಡಿತದಲ್ಲಿ ಇದ್ದದ್ದಕ್ಕೇ ಅವರು ಅದನ್ನು ಬೇಕಾದ ಹಾಗೆ ಎಳೆದಾಡಲು ಆಯಿತು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ರೂಮ್‌ಮೇಟ್‌ಗೆ ಅವರು ಮೆಟ್ರೋದ ದನಿ. ಟಿವಿಯನ್ನೇ ನೋಡದವರೂ ಅವರ ಮಾತು ಕೇಳಿಕೊಂಡು ಇಳಿಯುವ ನಿಲ್ದಾಣ ತಿಳಿಯುತ್ತಿದ್ದರು.

2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಅಪರ್ಣಾ ತೀರಿಕೊಂಡರು. ವಯಸ್ಸು ಇನ್ನೂ 57. ಈಗ ನಿವೃತ್ತರಾಗಿರುವ ನಮ್ಮ ಮೇಡಂಗೆ ಮರುದಿನ ಫೋನ್ ಮಾಡಿದೆ. ಅವರು ಅತ್ತರು, ನಾನೂ ಅತ್ತೆ. ಆಮೇಲೆ ಮೇಡಂ ಕೇಳಿದರು, “ಕಾಲೇಜಿನಾಗ ಈಗ ನಿರೂಪಣೆ ಯಾರು ಕಲಿಸ್ತಾರವ್ವಾ?”

ಆ ಪ್ರಶ್ನೆಗೇ ಈ ಲೇಖನ ಬರೆಯುತ್ತಿದ್ದೇನೆ. ಈಗ ನಾನೂ ಒಬ್ಬ ಮೇಷ್ಟ್ರು, ಇಲ್ಲೇ ಹರಿಹರದಲ್ಲಿದ್ದೇನೆ. ನಮ್ಮ ಆ ಕಾಲೇಜಿನ ಕನ್ನಡ ವಿಭಾಗದವರು ಶನಿವಾರ ಮಧ್ಯಾಹ್ನ ಒಂದು ಕೋಣೆ, ಒಂದು ಮೈಕು ಕೊಟ್ಟರೆ ಸಾಕು. ಬಂದು ಕಲಿಸುತ್ತೇನೆ. ಮೊದಲ ಸಾಲಿನಲ್ಲಿ ಕೂರುವವರಿಗಿಂತ ಹಿಂದೆ ಬಾಗಿಲ ಹತ್ತಿರ ನಿಂತು ನೋಡುವ ಹಳ್ಳಿಯ ಹುಡುಗಿಯರನ್ನು ಮೊದಲು ಕಳಿಸಿ.