ಲೂನಾದಲ್ಲಿ ಬ್ಯಾಟರಿ ಎಲ್ಲಿತ್ತು?

ಚಿಂತಾಮಣಿ, 12 ಜನವರಿ 2025, ಭಾನುವಾರ

ಸಂಕ್ರಾಂತಿಗೆಂದು ಊರಿಗೆ ಬಂದು ಎರಡು ದಿನವಾಯಿತು. ಪೈಲಟ್ ತರಬೇತಿಯಲ್ಲಿ ಗುರುವಾರ ನಡೆದದ್ದನ್ನು ಮನೆಯಲ್ಲಿ ಯಾರಿಗೂ ಹೇಳಬಾರದೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ಆ ತೀರ್ಮಾನ ಇವತ್ತು ಬೆಳಗ್ಗೆ ಹತ್ತು ಗಂಟೆಯವರೆಗೆ ಬಾಳಿತು.

ಅಮ್ಮ ಮೊರದ ತುಂಬ ಅವರೆಕಾಳು ನೆನೆಸಿಟ್ಟು ಹಿದುಕಲು ಕರೆಯುತ್ತಿದ್ದರು. ತಪ್ಪಿಸಿಕೊಂಡು ಅಪ್ಪನ ಅಂಗಡಿಗೆ ಹೋದೆ. ಅಂಗಡಿಯೆಂದರೆ ತಗಡಿನ ಸೂರು, ಒಂದು ಬೆಂಚು, ಗೋಡೆಯ ತುಂಬ ನೇತಾಡುವ ವೈರು. ಟೊಮೆಟೊ ಹೇರಿಕೊಂಡು ಕೋಲಾರದ ಮಂಡಿಗೆ ಹೋಗುವ ಟೆಂಪೊ ಒಂದು ಬಂದು ನಿಂತಿತ್ತು. ಅದರ ಡೈನಮೋ ಬಿಚ್ಚಿ ಬೆಂಚಿನ ಮೇಲಿಟ್ಟಿದ್ದರು. ಅದು ನಿಜವಾಗಿ ಆಲ್ಟರ್ನೇಟರ್. ಆದರೆ ನಮ್ಮ ಅಂಗಡಿಯಲ್ಲಿ ಕರೆಂಟು ಹುಟ್ಟಿಸುವುದೆಲ್ಲ ಡೈನಮೋ.

"ಮೂರು ದಿನದಿಂದ ಕೆಂಪು ದೀಪ ಉರಿಯುತ್ತಿತ್ತು. ಗಾಡಿ ಓಡುತ್ತಿತ್ತಲ್ಲ ಎಂದು ಸುಮ್ಮನಿದ್ದೆ" ಎಂದ ಚಾಲಕ.

ಅಪ್ಪ ನನ್ನ ಕಡೆ ತಿರುಗಿ ನಕ್ಕರು. "ನೋಡಮ್ಮ, ಇಂಥವರಿಂದಲೇ ನಮ್ಮ ಸಂಸಾರ ನಡೆಯುವುದು. ದೀಪ ಹತ್ತಿದಾಗ ಒಬ್ಬರೂ ಬರುವುದಿಲ್ಲ, ಬ್ಯಾಟರಿ ಸತ್ತ ಮೇಲೆ ತಳ್ಳಿಕೊಂಡು ಬರುತ್ತಾರೆ."

"ನಾನೂ ಹಾಗೇ ಮಾಡಿದೆ ಅಪ್ಪ" ಎಂದುಬಿಟ್ಟೆ.

ಸ್ಪ್ಯಾನರ್ ನಿಂತಿತು. ಅಪ್ಪ ಕೇಳಿದ ಮೊದಲ ಪ್ರಶ್ನೆ: "ಇಂಜಿನ್ ನಿಂತಿತೆ?"

ಇಲ್ಲ ಎಂದೆ. ಡೀಸೆಲ್ ಗಾಡಿಯಾದರೆ ಸರಿ, ಪೆಟ್ರೋಲ್ ಇಂಜಿನ್ ಬ್ಯಾಟರಿ ಸತ್ತ ಮೇಲೂ ಹೇಗೆ ನಡೆಯುತ್ತದೆ ಎಂದು ಹುಬ್ಬು ಗಂಟಿಕ್ಕಿದರು. "ಮ್ಯಾಗ್ನೆಟೋ" ಎಂದೆ. ಅಷ್ಟೇ ಸಾಕಾಯಿತು. ಅಪ್ಪನ ಮುಖ ಸಡಿಲವಾಯಿತು. ಚಾಲಕನಿಗೆ ತಾವೇ ಪಾಠ ಶುರು ಮಾಡಿದರು. "ಲೂನಾದಲ್ಲಿ ಬ್ಯಾಟರಿ ಎಲ್ಲಿತ್ತು ಹೇಳು? ಪೆಡಲ್ ತುಳಿದರೆ ಅಯಸ್ಕಾಂತ ಸುತ್ತುತ್ತದೆ, ಕಾಯಿಲ್‌ನಲ್ಲಿ ಕರೆಂಟು ಹುಟ್ಟುತ್ತದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಸುತ್ತುತ್ತಿರುವವರೆಗೆ ಕಿಡಿ, ಕಿಡಿ ಇರುವವರೆಗೆ ಸುತ್ತು." ನಾನು ಬಾಲ ಸೇರಿಸಿದೆ: ನಮ್ಮ ವಿಮಾನದಲ್ಲಿ ಅಂಥ ಮ್ಯಾಗ್ನೆಟೋ ಎರಡು, ನಾಲ್ಕು ಸಿಲಿಂಡರಿಗೆ ಎಂಟು ಪ್ಲಗ್, ಟ್ಯಾಂಕುಗಳು ತಲೆಯ ಮೇಲಿನ ರೆಕ್ಕೆಯೊಳಗಿರುವುದರಿಂದ ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ, ಪಂಪು ಬೇಕಿಲ್ಲ.

ಗುರುವಾರ ನಾನೊಬ್ಬಳೇ ದೂರದ ಹಾರಾಟಕ್ಕೆ ಹೋಗಿದ್ದೆ. ಬೇರೆ ರಾಜ್ಯದಲ್ಲಿರುವ ನಮ್ಮ ತರಬೇತಿ ಶಾಲೆಯ ಹೆಸರು ಇಲ್ಲಿ ಬೇಡ. ವಿಮಾನ ಸೆಸ್ನಾ 172, ನಾಲ್ಕು ಸೀಟಿನದು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿದು. ಹಿಂದಿರುಗುವ ಹಾದಿಯಲ್ಲಿ, ಇನ್ನು ಇಪ್ಪತ್ತೈದು ನಿಮಿಷವಿದೆ ಎನ್ನುವಾಗ, ಹೆಡ್‌ಸೆಟ್‌ನಲ್ಲಿ ಬೇರೆ ಪೈಲಟ್‌ಗಳ ಮಾತು ಹರಿದು ಹರಿದು ಕೇಳತೊಡಗಿತು. ದೂರದಲ್ಲಿದ್ದೇನೆ, ಅದಕ್ಕೇ ಇರಬೇಕು ಎಂದುಕೊಂಡೆ. ಎಲ್ಲಿದ್ದೇನೆಂದು ತಿಳಿಸಲು ಗುಂಡಿ ಒತ್ತಿದೆ. ರೇಡಿಯೊದ ಅಂಕಿಗಳು ಮಂಕಾಗಿ ಮಾಯವಾದವು; ಬೆರಳು ತೆಗೆದರೆ ಮತ್ತೆ ಬಂದವು. ಕೇಳಿಸಿಕೊಳ್ಳುವಾಗ ರೇಡಿಯೊ ಹೀರುವ ಕರೆಂಟು ಸ್ವಲ್ಪ, ಮಾತಾಡುವಾಗ ಎಷ್ಟೋ ಪಾಲು ಹೆಚ್ಚು. ಹಾರನ್ ಒತ್ತಿದಾಗ ಹೆಡ್‌ಲೈಟ್ ಮಂಕಾಗುವ ಗಾಡಿಗಳನ್ನು ನೋಡಿಯೇ ಬೆಳೆದವಳು ನಾನು. ಆಗ ಅರ್ಥವಾಯಿತು.

ಆಮ್‌ಮೀಟರಿನ ಮುಳ್ಳು ಸೊನ್ನೆಯ ಎಡಕ್ಕೆ ವಾಲಿತ್ತು, ಅಂದರೆ ಬ್ಯಾಟರಿಗೆ ತುಂಬುತ್ತಿಲ್ಲ, ಖಾಲಿಯಾಗುತ್ತಿದೆ. ಅದರ ಬಳಿಯ ಸಣ್ಣ ಕೆಂಪು ದೀಪ ಹತ್ತಿತ್ತು. ಎಡಗಡೆಯಿಂದ ಎಳೆಬಿಸಿಲು ನೇರ ಅದರ ಮೇಲೆ ಬಿದ್ದು ಬಣ್ಣವೇ ಕಾಣುತ್ತಿರಲಿಲ್ಲ. ಅಂಗೈ ಅಡ್ಡ ಹಿಡಿದಾಗ ಕಂಡಿತು. ಎಷ್ಟು ಹೊತ್ತಿನಿಂದ ಉರಿಯುತ್ತಿತ್ತೋ ದೇವರಿಗೇ ಗೊತ್ತು.

ಮೊದಲು ಕಣ್ಣು ಹೋದದ್ದು ವೇಗ ಮತ್ತು ಎತ್ತರದ ಮುಳ್ಳುಗಳಿಗೆ. ಅವು ಗಾಳಿಯ ಒತ್ತಡದಿಂದ ನಡೆಯುವವು, ಕರೆಂಟಿನ ಹಂಗಿಲ್ಲ. ಕ್ಷಿತಿಜ ತೋರಿಸುವ ಬಿಲ್ಲೆಯ ಒಳಗಿನ ಬುಗುರಿಯನ್ನು ತಿರುಗಿಸುವುದೂ ಇಂಜಿನ್ನಿಗೆ ಕಟ್ಟಿದ ಹೀರುಪಂಪು. ವಿಮಾನ ಎಂದಿನಂತೆ ಗುರ್ರೆನ್ನುತ್ತಾ ಹೋಗುತ್ತಿತ್ತು, ತನಗೇನೂ ಆಗಿಲ್ಲವೆಂಬ ಹಾಗೆ.

ಆಮೇಲೆ ಪಟ್ಟಿಯ ಪ್ರಕಾರ ಕೆಲಸ. ರೇಡಿಯೊಗಳನ್ನು ಆರಿಸಬೇಕು, ಆಲ್ಟರ್ನೇಟರಿನ ಸರ್ಕ್ಯೂಟ್ ಬ್ರೇಕರ್ ಹೊರಗೆ ಚಿಮ್ಮಿದೆಯೇ ನೋಡಬೇಕು, ಮಾಸ್ಟರ್ ಸ್ವಿಚ್ಚಿನ ಎರಡೂ ಭಾಗ ಆರಿಸಿ ಮತ್ತೆ ಹಾಕಬೇಕು. ಈ ಸ್ವಿಚ್ಚು ಉದ್ದಕ್ಕೆ ಸೀಳಿದ ಕೆಂಪು ಅವಳಿ: ಎಡ ಭಾಗ ಆಲ್ಟರ್ನೇಟರಿಗೆ, ಬಲ ಭಾಗ ಬ್ಯಾಟರಿಗೆ. ಅದರ ಮೇಲೆ ಬೆರಳಿಟ್ಟು ಒಂದು ಕ್ಷಣ ನಿಂತೆ. 1983ರ ಅಕ್ಟೋಬರ್ 11ರ ರಾತ್ರಿ ಅಮೆರಿಕದಲ್ಲಿ ಬಿದ್ದ ಏರ್ ಇಲಿನಾಯ್ 710 ವಿಮಾನದ ಕಥೆಯನ್ನು ತರಗತಿಯಲ್ಲಿ ಕೇಳಿದಾಗಿನಿಂದ ನನಗೆ ಸ್ವಿಚ್ಚುಗಳೆಂದರೆ ಭಯ. ಅದು ಎರಡು ಇಂಜಿನ್ನಿನ ದೊಡ್ಡ ವಿಮಾನ. ಹೊರಟ ಕೆಲವೇ ನಿಮಿಷದಲ್ಲಿ ಎಡಗಡೆಯ ಜನರೇಟರ್ ಕೈಕೊಟ್ಟಿತು. ಸಹಪೈಲಟ್ ತಪ್ಪಾಗಿ ಚೆನ್ನಾಗಿದ್ದ ಬಲಗಡೆಯದನ್ನು ಕಳಚಿದರು. ಹಿಂದಿರುಗುವ ಬದಲು ಬ್ಯಾಟರಿಯನ್ನು ನಂಬಿ ಮುಂದೆ ಹೋದರು. ಕತ್ತಲೆ, ಮೋಡ. ಬ್ಯಾಟರಿ ದಾರಿಯಲ್ಲೇ ಮುಗಿಯಿತು. ಇದ್ದ ಹತ್ತೂ ಜನ ಉಳಿಯಲಿಲ್ಲ. ನನಗೆ ಹಗಲಿತ್ತು, ಕೆಳಗೆ ನೆಲ ಕಾಣುತ್ತಿತ್ತು. ಆದರೂ ಪ್ರತಿ ಸ್ವಿಚ್ಚಿನ ಹೆಸರನ್ನು ಬಾಯಿಬಿಟ್ಟು ಹೇಳಿ ಆಮೇಲೆ ಒತ್ತಿದೆ. ಯಾರಾದರೂ ನೋಡಿದ್ದರೆ ಮಂತ್ರ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಬ್ರೇಕರ್ ಸರಿಯಾಗಿಯೇ ಇತ್ತು. ಕೆಂಪು ದೀಪ ಆರಲಿಲ್ಲ. ಸರಿ, ಆಲ್ಟರ್ನೇಟರ್ ಭಾಗ ಆರಿಸಿ ಬೇಡದ್ದನ್ನೆಲ್ಲ ಒಂದೊಂದಾಗಿ ಆರಿಸುತ್ತಾ ಹೋದೆ. ಸಾಲಿನ ಕೊನೆಗೆ ಬಂದಾಗ ಸಿಕ್ಕಿತು ನೋಡಿ: ಲ್ಯಾಂಡಿಂಗ್ ಲೈಟ್. ಮೇಲೇರಿದ ಮೇಲೆ ಆರಿಸಬೇಕಿತ್ತು, ಮರೆತಿದ್ದೆ. ಆ ವಿಮಾನದಲ್ಲಿ ಅದರಷ್ಟು ಕರೆಂಟು ತಿನ್ನುವ ವಸ್ತುಗಳು ಕಡಿಮೆ. ಚಾರ್ಜು ನಿಂತದ್ದು ನನ್ನ ತಪ್ಪಲ್ಲ. ಇದ್ದ ಬ್ಯಾಟರಿಯನ್ನು ಹಗಲು ದೀವಟಿಗೆ ಹಿಡಿದು ಮುಗಿಸಿದ್ದು ನಾನೇ.

ಒಂದೇ ರೇಡಿಯೊ ಇಟ್ಟುಕೊಂಡು ಒಂದೇ ಉಸಿರಿಗೆ ಹೇಳಿದೆ: ಎಲ್ಲಿದ್ದೇನೆ, ಎಷ್ಟು ಎತ್ತರ, ಕರೆಂಟು ಹೋಗುತ್ತಿದೆ, ಎಷ್ಟು ಹೊತ್ತಿಗೆ ಬರುತ್ತೇನೆ. ಉತ್ತರದಲ್ಲಿ ಅರ್ಧ ಪದ ಕೇಳಿತು. ರೇಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರಿನಲ್ಲಿ 7600 ತಿರುಗಿಸಿದೆ, ಅದು ಯಾವ ದೇಶದಲ್ಲಾದರೂ ರೇಡಿಯೊ ಕಳೆದುಕೊಂಡವರ ಸಂಖ್ಯೆ. ಅದರ ದೀಪ ಒಮ್ಮೆ ಮಿಟುಕಿ ಆರಿತು. ಅದರ ಹಿಂದೆಯೇ ಪೆಟ್ರೋಲು ತೋರಿಸುವ ಎರಡೂ ಮುಳ್ಳುಗಳು ಖಾಲಿಗೆ ಇಳಿದು ಕೂತವು. ಅವು ಕರೆಂಟಿನಿಂದ ನಡೆಯುವವೆಂದು ಗೊತ್ತು. ಹೊರಡುವ ಮೊದಲು ರೆಕ್ಕೆಯೆತ್ತರಕ್ಕೆ ಹತ್ತಿ ಟ್ಯಾಂಕಿಗೆ ಕಡ್ಡಿ ಅದ್ದಿ ಅಳೆದವಳೂ ನಾನೇ. ಹಾಗಿದ್ದೂ ಹೊಟ್ಟೆಯೊಳಗೆ ಏನೋ ಕಲಕಿತು.

ಉಳಿದ ದಾರಿ ಸುಲಭ. ದಿಕ್ಸೂಚಿ, ಗಡಿಯಾರ, ಕೆಳಗೊಂದು ರೈಲು ಹಳಿ.

ನಿಲ್ದಾಣದ ಮೇಲೆ ಎತ್ತರದಲ್ಲಿ ಒಂದು ಸುತ್ತು ಹಾಕಿ ಗಾಳಿಚೀಲ ನೋಡಿದೆ, ಬೇರೆ ವಿಮಾನಗಳು ಎಲ್ಲೆಲ್ಲಿವೆ ಎಂದು ಹುಡುಕಿದೆ. ಇಳಿಯುವಾಗ ವೇಗ ತಗ್ಗಿಸಲು ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗಿಸುವ ಹಲಗೆ, ಫ್ಲಾಪ್, ಅದನ್ನು ಮುಟ್ಟಬಾರದೆಂದು ಆಗಲೇ ನಿಶ್ಚಯಿಸಿದ್ದೆ. ಅದನ್ನು ಇಳಿಸುವುದೂ ಏರಿಸುವುದೂ ಮೋಟಾರು. ಬ್ಯಾಟರಿಯ ಕೊನೆಯ ಗುಟುಕಿನಲ್ಲಿ ಪೂರ್ತಿ ಇಳಿದು ಅಲ್ಲೇ ಸಿಕ್ಕಿಕೊಂಡರೆ, ಇಳಿಯಲಾಗದೆ ಮತ್ತೆ ಮೇಲೇರಬೇಕಾದಾಗ ವಿಮಾನ ಏರುವುದೇ ಕಷ್ಟ. ಫ್ಲಾಪಿಲ್ಲದೆ ಇಳಿಯುವುದೆಂದರೆ ಸ್ವಲ್ಪ ಹೆಚ್ಚು ವೇಗ, ಸ್ವಲ್ಪ ಹೆಚ್ಚು ರನ್‌ವೇ, ಅಷ್ಟೇ.

ರನ್‌ವೇ ಕಡೆ ತಿರುಗುವಾಗ ಗೋಪುರದ ಗಾಜಿನಲ್ಲಿ ಹಸಿರು ಚುಕ್ಕೆ ಕಂಡಿತು, ಬಳೆಯ ಚೂರು ಬಿಸಿಲಿಗೆ ಮಿನುಗಿದ ಹಾಗೆ. ಮಿಟುಕದೆ ನಿಂತ ಹಸಿರೆಂದರೆ ಇಳಿಯಲು ಅನುಮತಿ; ನಿಂತ ಕೆಂಪಾದರೆ ಸುತ್ತುತ್ತಿರು; ಮಿಟುಕುವ ಕೆಂಪಾದರೆ ಇಲ್ಲಿ ಇಳಿಯಬೇಡ. ಪರೀಕ್ಷೆಗೆಂದು ಉರುಹೊಡೆದು ಮರೆತಿದ್ದ ಪಟ್ಟಿ ಅದು. ಕಂಡಿತೆಂದು ತಿಳಿಸಲು ರೆಕ್ಕೆ ಅಲುಗಿಸಿದೆ. ವಿಮಾನ ನೆಲಕ್ಕೆ ತಾಗದೆ ತುಸು ತೇಲಿಕೊಂಡೇ ಹೋಯಿತು, ಆಮೇಲೆ ಕೂತಿತು.

"ಕೆಟ್ಟಿದ್ದೇನು?" ಎಂದರು ಅಪ್ಪ. ಅವರಿಗೆ ಬೇಕಿದ್ದದ್ದು ಅದೊಂದೇ. ಆಲ್ಟರ್ನೇಟರಿನೊಳಗಿನ ಅಯಸ್ಕಾಂತಕ್ಕೆ ಕರೆಂಟು ಒಯ್ಯುವ ಫೀಲ್ಡ್ ವೈರು, ಅದರ ತುದಿಯ ಲೋಹದ ಕೊಂಡಿಯ, ಅಂದರೆ ಲಗ್ಗಿನ, ಬುಡದಲ್ಲಿ ಕಡಿದಿತ್ತು ಎಂದೆ. ಅಪ್ಪ ಗೋಡೆಯಿಂದ ಹಳೆಯ ವೈರೊಂದನ್ನು ಎಳೆದು ಲಗ್ಗಿನ ಬಳಿ ಬಾಗಿಸಿದರು. ಹೊರಗೆ ಪ್ಲಾಸ್ಟಿಕ್ ನೆಟ್ಟಗಿದೆ. ಬ್ಲೇಡಿನಿಂದ ಸೀಳಿದರೆ ಒಳಗಿನ ತಾಮ್ರದ ಎಳೆಗಳು ಒಂದೂ ಬಿಡದೆ ತುಂಡಾಗಿವೆ. "ನಡುಕ. ದಿನಾ ಅಲುಗಿ ಅಲುಗಿ ಒಂದೊಂದೇ ಎಳೆ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಎಳೆದು ನೋಡಬೇಕು." ಆಮೇಲೆ ದನಿ ತಗ್ಗಿಸಿದರು. "ನಿಮ್ಮ ಅಮ್ಮನಿಗೆ ಹೇಳಬೇಡ."

ಟೆಂಪೊ ಚಾಲಕ ನಮ್ಮ ಬೀದಿಯ ಹೋಟೆಲಿನಲ್ಲಿ ಟೀ ಕುಡಿಯುತ್ತಾನೆಂಬುದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಹಿದುಕಿದ ಬೇಳೆಯ ಸಾರು ಬಡಿಸಿ, ಸೌಟು ಪಾತ್ರೆಯಲ್ಲಿಟ್ಟು, ನನ್ನ ಮುಖ ನೋಡದೆ ಅಂದರು:

"ಲೈಟು ಆರಿಸದೆ ಎದ್ದುಹೋಗುವುದು ನಿನಗೆ ಚಿಕ್ಕಂದಿನಿಂದಲೂ ಇದ್ದದ್ದೇ."